ಕತ್ತಲೆಯ ಚಿತ್ರಕ್ಕೆ ಹೆಗಲು ಕೊಟ್ಟ ನಟ

ಫ್ರೆಂಚ್ ನಟ ಅಲೇನ್ ದೆಲೋನ್ (1935–2024) ಎಂದೊಡನೆ ಚಿತ್ರರಸಿಕರಿಗೆ ನೆನಪಾಗುವುದು ಆತನ ರೂಪ. ನಾವಿಲ್ಲಿ ಪರಿಶೀಲಿಸಬಯಸುವುದು, ಆ ರೂಪವನ್ನೇ ಪಣಕ್ಕಿಟ್ಟ ನಿರ್ಮಾಪಕ ದೆಲೋನನನ್ನು.

ಗಲ್ಲಾಪೆಟ್ಟಿಗೆಯ ಲೆಕ್ಕ ಏನೇ ಇರಲಿ, ನಿಷ್ಠಾವಂತ ಪ್ರೇಕ್ಷಕರು ದಶಕಗಳ ಕಾಲ ಮರಳಿ ಮರಳಿ ನೋಡುವ ಚಿತ್ರಗಳನ್ನು ‘ಕಲ್ಟ್’ ಎನ್ನುವುದುಂಟು. ಝಾನ್ ಪಿಯೇರ್ ಮೆಲ್ವಿಲ್ ನಿರ್ದೇಶಿಸಿದ ‘ಲ ಸಮುರಾಯ್’ (1967) ಅಂಥದು. ಅದರ ಮೊದಲ ಹತ್ತು ನಿಮಿಷಗಳಷ್ಟು ಕಾಲ ಮಾತೇ ಇಲ್ಲ. ಬೂದುಬಣ್ಣದ ಕೋಣೆ, ಪಂಜರದ ಹಕ್ಕಿ, ಬಾಡಿಗೆಯ ಕೊಲೆಗಾರ, ಅಷ್ಟೆ. ಇಲ್ಲಿ ದೆಲೋನ್ ಕೇವಲ ನಟ.

1970ರ ‘ಬೋರ್ಸಲೀನೊ’ ನಿರ್ಮಿಸಿ ಯಶಸ್ಸು ಕಂಡವನಿಗೆ ಅದೇ ಜಾಡಿನಲ್ಲಿ ಸಾಗುವುದು ಸುಲಭವಿತ್ತು. ಆದರೆ 1976ರಲ್ಲಿ ಆತ ‘ಮೊಸ್ಯೊ ಕ್ಲೈನ್’ ಚಿತ್ರದ ನಿರ್ಮಾಪಕರಲ್ಲೊಬ್ಬನಾದ. ನಿರ್ದೇಶಕ ಜೋಸೆಫ್ ಲೋಸಿ, ಕಮ್ಯುನಿಸ್ಟನೆಂಬ ಕಾರಣಕ್ಕೆ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿ ಯೂರೋಪಿಗೆ ಬಂದ ಅಮೆರಿಕನ್. ಬಲಪಂಥದ ಒಲವಿನ ದೆಲೋನನೊಡನೆ ಆತನ ಜೋಡಿ ವಿಚಿತ್ರವೇ ಸರಿ!

ಕಥೆ 1942ರ ಪ್ಯಾರಿಸ್ಸಿನದು. ಓಡಿಹೋಗಬೇಕಾದ ಯಹೂದಿಗಳಿಂದ ಕಲಾಕೃತಿಗಳನ್ನು ಅಗ್ಗವಾಗಿ ಕೊಳ್ಳುವ ರಾಬರ್ಟ್ ಕ್ಲೈನನ ಬಾಗಿಲಿಗೆ ಒಂದು ದಿನ ಯಹೂದಿ ಪತ್ರಿಕೆಯೊಂದು ಬರುತ್ತದೆ. ಅದೇ ಹೆಸರಿನ ಮತ್ತೊಬ್ಬನಿದ್ದಾನೆ. ಅವನನ್ನು ಹುಡುಕುತ್ತ ಹೋದಷ್ಟೂ ತಾನು ಯಾರೆಂಬುದನ್ನು ಈತನೇ ದಾಖಲೆಗಳಿಂದ ರುಜುವಾತುಪಡಿಸಬೇಕಾಗುತ್ತದೆ. ಅಂತಿಮ ಭಾಗದಲ್ಲಿ ಬರುವುದು, ಅದೇ ವರ್ಷದ ಜುಲೈ 16–17ರಂದು 13,000ಕ್ಕೂ ಮಿಕ್ಕಿ ಯಹೂದಿಗಳನ್ನು ಬಂಧಿಸಿದ ಘಟನೆಯ ನೆರಳು. ಬಂಧಿಸಿದವರು ಜರ್ಮನರಲ್ಲ, ಫ್ರೆಂಚ್ ಪೊಲೀಸರು. ಫ್ರಾನ್ಸಿನ ಅಧ್ಯಕ್ಷರೊಬ್ಬರು ಈ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1995ರಲ್ಲಿ. ಚಿತ್ರ ಬಂದದ್ದು ಅದಕ್ಕೆ 19 ವರ್ಷ ಮೊದಲು.

ಇಂಥ ಕಥೆಗೆ ತಾರೆಯ ಹೆಸರಿನ ಬೆಂಬಲ ಎಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ದೆಲೋನ್ ತನಗಾಗಿ ಆರಿಸಿಕೊಂಡದ್ದು ವೀರನ ಪಾತ್ರವನ್ನಲ್ಲ. ಪರರ ಸಂಕಟದಲ್ಲಿ ಲಾಭ ಕಾಣುವವನ ಪಾತ್ರವನ್ನು. ರೇಷ್ಮೆಯ ನಿಲುವಂಗಿ ತೊಟ್ಟು ಚೌಕಾಸಿ ಮಾಡುವ ಆ ಸುಂದರ ಮುಖವನ್ನು ಕಂಡು ನಮಗೆ ಹೇಸಿಗೆಯಾಗುತ್ತದೆ. ಬಿಡುಗಡೆಯ ದಾಖಲೆ ಕೈಗೆಟಕುವಷ್ಟು ಹತ್ತಿರವಿದ್ದಾಗಲೂ, ಆ ಇನ್ನೊಬ್ಬ ಕ್ಲೈನನ ಹೆಸರು ಕಿವಿಗೆ ಬೀಳಲು, ಈತ ಜನಜಂಗುಳಿಯೊಳಕ್ಕೆ ನುಗ್ಗುತ್ತಾನೆ. ಮುಂದಿನದು ರೈಲು. ಬೆನ್ನ ಹಿಂದೆ ನಿಂತಿರುವವನು, ಮೊದಲಿಗೆ ಚಿತ್ರಪಟ ಮಾರಿದ ಅದೇ ಯಹೂದಿ.

ದೆಲೋನನ ಜನಪ್ರಿಯ ಚಿತ್ರಗಳಂತೆ ಇದು ಓಡಲಿಲ್ಲ. 1977ರ ಸೆಸಾರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನದ ಗೌರವಗಳು ಇದಕ್ಕೆ ಸಂದವು. ನಟನ ಪ್ರಶಸ್ತಿ ಮಾತ್ರ ದೆಲೋನನಿಗೆ ದಕ್ಕಲಿಲ್ಲ. ಆಸಕ್ತರು ‘ಲ ಸಮುರಾಯ್’ ನೋಡಿದ ಬಳಿಕ ಇದನ್ನು ನೋಡುವುದು ಲೇಸೆಂದು ನಮ್ಮ ಅಭಿಪ್ರಾಯ.