ಹೊಸಪೇಟೆಯಲ್ಲಿ ಕೂತು ಥಾಯ್ ಬಿಎಲ್ ನೋಡೋದು: ಒಬ್ಬ ಅಭಿಮಾನಿಯ ಖುಷಿ, ತಕರಾರು ಮತ್ತು ಒಂದು ತಪ್ಪು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಂಪ್ಲಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರೋರಿಗೆ, ಅಡುಗೆಮನೆ ಕಟ್ಟೆ ಮೇಲೆ ಫೋನ್ ಒರಗಿಸಿಟ್ಟು ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಥಾಯ್ಲೆಂಡ್‌ನ ಬಿಎಲ್ ಸೀರೀಸ್. ಬಿಎಲ್ ಅಂದ್ರೆ ಬಾಯ್ಸ್ ಲವ್. ಇಬ್ಬರು ಹುಡುಗರ ನಡುವಿನ ಪ್ರೇಮಕಥೆ. ನಾನು ಇದರ ಅಭಿಮಾನಿ, ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾಕೆ ಇಷ್ಟ, ಎಲ್ಲಿ ಸಿಟ್ಟು ಬರುತ್ತೆ, ಮತ್ತೆ ಈ ಅಭಿಮಾನದಲ್ಲೇ ನಾನು ಮಾಡಿದ ಒಂದು ತಪ್ಪು ಯಾವುದು, ಈ ಮೂರನ್ನೂ ಇವತ್ತು ಮಾತಾಡೋಣ.

ಶುರುವಾಗಿದ್ದು ಲಾಕ್‌ಡೌನ್‌ನಲ್ಲಿ

2020ರ ಬೇಸಿಗೆ. ಹಂಪಿಗೆ ಬೀಗ, ಟಿಬಿ ಡ್ಯಾಂ ಕಡೆ ಹೋಗೋ ಹಾಗಿಲ್ಲ. ಯೂಟ್ಯೂಬ್‌ನಲ್ಲಿ ಏನೋ ಹುಡುಕ್ತಾ ಇದ್ದಾಗ ‘ಟುಗೆದರ್’ ಸಿಕ್ತು. ಥಾಯ್ಲೆಂಡ್‌ನ ಜಿಎಂಎಂಟಿವಿ ಮಾಡಿದ್ದು, ಇಂಗ್ಲಿಷ್ ಸಬ್‌ಟೈಟಲ್ ಇತ್ತು, ದುಡ್ಡು ಕೊಡಬೇಕಾಗಿರಲಿಲ್ಲ. ಟೈನ್ ಅನ್ನೋ ಕಾಲೇಜು ಹುಡುಗ, ತನ್ನ ಹಿಂದೆ ಬಿದ್ದಿರೋ ಇನ್ನೊಬ್ಬ ಹುಡುಗನಿಂದ ತಪ್ಪಿಸ್ಕೊಳ್ಳೋಕೆ ಸಾರಾವತ್ ಅನ್ನೋ ಗಿಟಾರ್ ಹುಡುಗನನ್ನ ‘ನನ್ನ ಬಾಯ್‌ಫ್ರೆಂಡ್ ಥರ ನಟಿಸು’ ಅಂತ ಕೇಳ್ಕೊಳ್ತಾನೆ. ಮುಂದೆ ಏನಾಗುತ್ತೆ ಅಂತ ಮೊದಲ ಎಪಿಸೋಡ್‌ನಲ್ಲೇ ಗೊತ್ತಾಗುತ್ತೆ. ಆದ್ರೂ ಬಿಡೋಕೆ ಆಗಲ್ಲ.

ಅಮ್ಮ ಬಂದು ಕೇಳಿದ್ರು: “ಇದ್ಯಾವ ಭಾಷೆನವ್ವಾ? ತೆಲುಗೂ ಅಲ್ಲ, ಹಿಂದಿನೂ ಅಲ್ಲ.”

“ಥಾಯ್, ಅಮ್ಮ.”

“ತಾಯಿ ಕಥೆನಾ? ಹಂಗಾದ್ರೆ ನೋಡು.”

ಅಲ್ಲಿಂದ ಆ ಸೀರೀಸ್‌ಗೆ ನಮ್ಮನೆಯಲ್ಲಿ ‘ತಾಯಿ ಸೀರಿಯಲ್’ ಅಂತಲೇ ಹೆಸರು. ನಾನೂ ತಿದ್ದೋಕೆ ಹೋಗಲಿಲ್ಲ.

ಅಲ್ಲೂ ‘ಅಣ್ಣ’, ಅಲ್ಲೂ ಕಿಷ್ಕಿಂಧೆ

ಕೊರಿಯನ್ ಡ್ರಾಮಾಗಿಂತ ಥಾಯ್ ನಮಗೆ ಹತ್ತಿರ ಅನ್ಸೋಕೆ ಕಾರಣ ಇದೆ. ಅಲ್ಲೂ ಕೈ ಮುಗಿದೇ ನಮಸ್ಕಾರ. ತಮಗಿಂತ ದೊಡ್ಡವರನ್ನ ಬರೀ ಹೆಸರಿಡಿದು ಕರೆಯೋದು ಕಡಿಮೆ. ಹೆಸರಿನ ಮುಂದೆ ‘ಪೀ’ ಅಂತ ಸೇರಿಸ್ತಾರೆ, ಚಿಕ್ಕವರಿಗೆ ‘ನೋಂಗ್’. ‘ಪೀ’ ಅಂದ್ರೆ ಅಣ್ಣನೂ ಹೌದು, ಅಕ್ಕನೂ ಹೌದು. ಈಗ ತಮಾಷೆ ನೋಡಿ: ಈ ಸೀರೀಸ್‌ಗಳಲ್ಲಿ ಪ್ರೀತಿಸಿದ ಹುಡುಗನನ್ನೂ ‘ಪೀ’ ಅಂತಲೇ ಕರೀತಾರೆ. ಮೊದಮೊದಲು ನಂಗೆ ನಗು ತಡೆಯೋಕೇ ಆಗ್ತಿರಲಿಲ್ಲ. ನಮ್ಮಲ್ಲಿ ಒಂದ್ಸಲ ‘ಅಣ್ಣ’ ಅಂದ್ರೆ ಕಥೆ ಅಲ್ಲಿಗೇ ಮುಗೀತಲ್ಲ!

ಇನ್ನೊಂದು ವಿಷಯ. ಥಾಯ್ಲೆಂಡ್‌ನ ರಾಮಾಯಣದ ಹೆಸರು ‘ರಾಮಕಿಯನ್’. ನಮ್ಮ ಹಂಪಿ-ಆನೆಗೊಂದಿ ಭಾಗವನ್ನ ಕಿಷ್ಕಿಂಧೆ ಅಂತೀವಲ್ಲ, ಆ ಕಿಷ್ಕಿಂಧೆ ಅವರ ಕಥೆಯಲ್ಲಿ ‘ಖಿತ್‌ಖಿನ್’ ಆಗಿದೆ. ಮತ್ತೆ ಅವರ ಹನುಮಂತ ಬ್ರಹ್ಮಚಾರಿ ಅಲ್ಲ, ದೊಡ್ಡ ರಸಿಕ. ಒಂದೇ ಕಥೆ ಊರು ದಾಟಿದಾಗ ಬೇರೆ ರೂಪ ತಗೊಳ್ಳುತ್ತೆ. ಬಿಎಲ್ ಕೂಡ ಹಾಗೇ ಊರು ದಾಟಿ ಬಂದಿದ್ದು.

ಬಿಎಲ್ ಎಲ್ಲಿಂದ ಬಂತು?

ಇದರ ಮೂಲ ಜಪಾನ್. 1970ರ ದಶಕದಲ್ಲಿ ಅಲ್ಲಿನ ಹುಡುಗಿಯರ ಕಾಮಿಕ್ಸ್‌ನಲ್ಲಿ ಮೋತೊ ಹಾಗಿಯೊ, ಕೇಕೊ ತಾಕೆಮಿಯಾ ಥರದ ಕಲಾವಿದೆಯರು ಹುಡುಗರಿಬ್ಬರ ಪ್ರೀತಿಯ ಕಥೆಗಳನ್ನ ಬರೆದ್ರು. ಬರೆದೋರೂ ಹೆಂಗಸರು, ಓದಿದೋರೂ ಹೆಚ್ಚಾಗಿ ಹುಡುಗಿಯರು. ಇದನ್ನ ಗಮನದಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ಮುಂದೆ ಈ ಬಗೆಯ ಕಥೆಗಳಿಗೆ ‘ಯಾವೊಯಿ’ ಅನ್ನೋ ಹೆಸರು ಬಂತು. ಅದರ ಇಂಗ್ಲಿಷ್ ಸ್ಪೆಲ್ಲಿಂಗ್‌ನ ಮೊದಲ ಅಕ್ಷರ ಹಿಡ್ಕೊಂಡು ಥಾಯ್ ಜನ ಇವತ್ತಿಗೂ ‘ವೈ ಸೀರೀಸ್’ ಅಂತಾರೆ.

ಥಾಯ್ಲೆಂಡ್‌ನಲ್ಲಿ 2007ರ ‘ಲವ್ ಆಫ್ ಸಯಾಮ್’ ಸಿನಿಮಾ ದೊಡ್ಡ ಸುದ್ದಿ ಆಯ್ತು. 2014ರಲ್ಲಿ ‘ಲವ್ ಸಿಕ್’ ಟಿವಿಗೆ ಬಂತು, 2016ರಲ್ಲಿ ‘ಸೋಟಸ್’. ಆನ್‌ಲೈನ್‌ನಲ್ಲಿ ಬರೆದ ಕಾದಂಬರಿ ಜನಪ್ರಿಯ ಆಗೋದು, ಅದು ಸೀರೀಸ್ ಆಗೋದು, ಇಬ್ಬರು ನಟರನ್ನ ಜೋಡಿಯಾಗಿ ಬೆಳೆಸೋದು, ಆ ಜೋಡಿ ಜಾಹೀರಾತು, ಫ್ಯಾನ್ ಮೀಟ್, ಹಾಡು ಅಂತ ಊರೂರು ಸುತ್ತೋದು. ಹೀಗೆ ಒಂದು ಉದ್ಯಮವೇ ನಿಂತ್ಕೊಳ್ತು. ಅಂಥ ಜೋಡಿಗೆ ಥಾಯ್‌ನಲ್ಲಿ ‘ಖು ಜಿನ್’ ಅಂತಾರೆ, ಅಂದ್ರೆ ಅಭಿಮಾನಿಗಳು ಮನಸ್ಸಲ್ಲೇ ಕಟ್ಟಿದ ಜೋಡಿ.

ಈ ಅಭಿಮಾನ ಎಷ್ಟು ಜೋರು ಅಂದ್ರೆ, 2020ರ ಏಪ್ರಿಲ್‌ನಲ್ಲಿ ‘ಟುಗೆದರ್’ ನಟ ಬ್ರೈಟ್ ಟ್ವಿಟರ್‌ನಲ್ಲಿ ಲೈಕ್ ಮಾಡಿದ ಒಂದು ಪೋಸ್ಟ್‌ನಲ್ಲಿ ಹಾಂಗ್‌ಕಾಂಗ್ ಅನ್ನ ದೇಶ ಅಂತ ಕರೆದಿದ್ರು. ಚೀನಾದ ನೆಟ್ಟಿಗರು ಸಿಟ್ಟಾದ್ರು, ಥಾಯ್ ಹುಡುಗರು ಮೀಮ್‌ನಲ್ಲೇ ತಿರುಗೇಟು ಕೊಟ್ರು, ಹಾಂಗ್‌ಕಾಂಗ್ ಮತ್ತು ತೈವಾನ್‌ನವರೂ ಜೊತೆಗೆ ಬಂದ್ರು. ‘ಮಿಲ್ಕ್ ಟೀ ಅಲಯನ್ಸ್’ ಅನ್ನೋ ಆನ್‌ಲೈನ್ ಚಳವಳಿ ಹುಟ್ಟಿದ್ದೇ ಹೀಗೆ. ಒಂದು ಲವ್ ಸ್ಟೋರಿ, ಒಂದು ಲೈಕ್, ಅಷ್ಟೇ.

ಇಷ್ಟ ಯಾಕೆ, ಸಿಟ್ಟು ಯಾಕೆ

ಇಷ್ಟ ಆಗೋಕೆ ಕಾರಣ ಸರಳ. ನಾನು ನೋಡಿ ಬೆಳೆದ ಸಿನಿಮಾಗಳಲ್ಲಿ ಹುಡುಗರನ್ನ ಪ್ರೀತಿಸೋ ಹುಡುಗ ಬಂದ್ರೆ ಅದು ಕಾಮಿಡಿಗೆ. ಅವನು ಬಳುಕಿ ನಡೀಬೇಕು, ಥಿಯೇಟರ್ ನಗಬೇಕು. ಇಲ್ಲಿ ಅವನೇ ಹೀರೋ. ಮಳೇಲಿ ನೆನೀತಾನೆ, ಹಾಡು ಬರೀತಾನೆ, ಕೊನೆಗೆ ಸಾಯಲ್ಲ. ಈ ‘ಸಾಯಲ್ಲ’ ಅನ್ನೋದು ಸಣ್ಣ ಮಾತಲ್ಲ.

ಈಗ ಸಿಟ್ಟು. ಹಳೇ ಬಿಎಲ್‌ಗಳಲ್ಲಿ ಒಬ್ಬ ‘ಗಂಡ’, ಇನ್ನೊಬ್ಬ ‘ಹೆಂಡ್ತಿ’ ಅಂತ ಹಣೆಪಟ್ಟಿ ಹಚ್ಚಿರ್ತಾರೆ. ಒಪ್ಪಿಗೆ ಕೇಳದೆ ಮುತ್ತು ಕೊಡೋದನ್ನ ಪ್ರೀತಿ ಅಂತ ತೋರಿಸ್ತಾರೆ. ‘ನಾನು ಗೇ ಅಲ್ಲ, ಇವನೊಬ್ಬನೇ ನಂಗಿಷ್ಟ’ ಅನ್ನೋ ಡೈಲಾಗ್ ಪದೇ ಪದೇ ಬರುತ್ತೆ. ಮನೆಯವರು, ಕಾನೂನು, ಕೆಲಸ, ಬಾಡಿಗೆ ಮನೆ, ಯಾವುದರ ಚಿಂತೆನೂ ಇರಲ್ಲ. ಎಲ್ಲರೂ ಇಂಜಿನಿಯರಿಂಗ್ ಓದ್ತಿರ್ತಾರೆ, ಯಾರೂ ಓದೋದು ಮಾತ್ರ ಕಾಣಲ್ಲ.

ಇತ್ತೀಚೆಗೆ ಇದು ಬದಲಾಗಿದೆ. 2021ರ ‘ಬ್ಯಾಡ್ ಬಡ್ಡಿ’ಯಲ್ಲಿ ಪ್ಯಾಟ್ ಮತ್ತು ಪ್ರಾನ್ ಅಕ್ಕಪಕ್ಕದ ಮನೆಯವರು, ಮನೆಗಳಿಗೆ ಹಳೇ ಜಿದ್ದು. ಅವರ ಪ್ರೀತಿ ಉಳಿಯುತ್ತೆ, ಆದ್ರೆ ಕೊನೆವರೆಗೂ ಮನೆಯವರ ಮುಂದೆ ಪೂರ್ತಿ ಬಯಲಿಗೆ ಬರಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರೋದು. ಇದು ನಮ್ಮ ಊರುಗಳಿಗೆ ಚೆನ್ನಾಗಿ ಅರ್ಥ ಆಗೋ ಸಂಗತಿ.

ನನಗೆ ಎಲ್ಲಕ್ಕಿಂತ ಇಷ್ಟ 2023ರ ‘ಮೂನ್‌ಲೈಟ್ ಚಿಕನ್’. ಎಂಟೇ ಎಪಿಸೋಡ್. ಪಟ್ಟಾಯಾದಲ್ಲಿ ರಾತ್ರಿ ಹೊತ್ತು ಕೋಳಿ-ಅನ್ನದ ಅಂಗಡಿ ನಡೆಸೋ ಜಿಮ್ ಅನ್ನೋ ನಡುವಯಸ್ಸಿನವನು. ಅವನ ಜೊತೆ ಬೆಳೆಯೋ ಹುಡುಗ ಲಿ ಮಿಂಗ್. ಲಿ ಮಿಂಗ್‌ಗೆ ಹಾರ್ಟ್ ಅನ್ನೋ ಕಿವಿ ಕೇಳದ ಹುಡುಗ ಸಿಗ್ತಾನೆ, ಅವನ ಜೊತೆ ಮಾತಾಡ್ಬೇಕು ಅಂತ ಸನ್ನೆ ಭಾಷೆ ಕಲೀತಾನೆ. ಅಂಗಡಿ ಸಾಲ, ಜಗಳ, ದಣಿವು, ಎಲ್ಲಾ ಇದೆ. ಪ್ರೀತಿಯೂ ಇದೆ.

ನಾನು ಮಾಡಿದ ತಪ್ಪು

ಇದನ್ನ ನಾನು, ನನ್ನ ಒಬ್ಬ ಗೆಳೆಯ ಒಟ್ಟಿಗೆ ನೋಡಿದ್ವಿ. ಒಟ್ಟಿಗೆ ಅಂದ್ರೆ ಅವನು ಕಂಪ್ಲಿ ಕಡೆ ಅವನ ಹಳ್ಳಿಯಲ್ಲಿ, ನಾನು ಹೊಸಪೇಟೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ‘ಒನ್, ಟೂ, ತ್ರೀ, ಪ್ಲೇ’ ಅಂತ. ಅವನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಾ ಇದೀನಿ, ಗುರುತು ಸಿಗೋ ವಿವರ ಬಿಟ್ಟಿದೀನಿ.

ಒಂದು ರಾತ್ರಿ ಎಪಿಸೋಡ್ ಮುಗಿದ ಮೇಲೆ ಅವನ ಮೆಸೇಜ್ ಬಂತು: “ಲಿ ಮಿಂಗ್ ಇದಾನಲ್ಲ, ಅದು ನಾನೇ.”

ನಾನು ಏನು ಬರೆದೆ ಗೊತ್ತಾ? “ಅಯ್ಯೋ ಎಷ್ಟ್ ಕ್ಯೂಟ್! ನಿನ್ನ ಹಾರ್ಟ್ ಯಾರು? ಫೋಟೋ ಕಳ್ಸು!” ಜೊತೆಗೆ ಒಂದು ಸಾಲು ಕೆಂಪು ಹೃದಯ.

ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮೂರು ವಾರ.

ಆಮೇಲೆ ಒಂದು ಸಂಜೆ ಊರಿಗೆ ಬಂದಿದ್ದ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಗೊಂಡು ನಿಂತಿದ್ವಿ. ಮಿರ್ಚಿ ಆರಿಹೋಯ್ತು, ಅವನು ಮುಟ್ಟಲಿಲ್ಲ. ಕೊನೆಗೆ ಅಂದ: “ನಾನೇನ್ ನಿನ್ ಸೀರೀಸ್ ಅಲ್ಲ. ನಮ್ಮನ್ಯಾಗ ಗೊತ್ತಾದ್ರ ಅಲ್ಲಿಗೆ ಎಪಿಸೋಡ್ ಮುಗಿಯಲ್ಲ, ನಾನು ಮುಗೀತೀನಿ.”

ಆಗ ನನಗೆ ಅರ್ಥ ಆಯ್ತು. ಬಿಎಲ್ ಹೆಚ್ಚಾಗಿ ಬೆಳೆದಿದ್ದು ನನ್ನಂಥ ಹುಡುಗಿಯರ ಕಣ್ಣಿಗಾಗಿ ಅಂತ ಆಗಲೇ ಹೇಳಿದ್ನಲ್ಲ. ನಾವು ಪರದೆ ಮೇಲಿನ ಜೋಡಿಗೆ ಚಪ್ಪಾಳೆ ತಟ್ಟಿ ತಟ್ಟಿ ಅಭ್ಯಾಸ ಆಗಿರುತ್ತೆ. ಎದುರಿಗೆ ಜೀವ ಇರೋ ಮನುಷ್ಯ ಬಂದು ನಿಂತಾಗಲೂ ಚಪ್ಪಾಳೆನೇ ತಟ್ತೀವಿ. ಅವನಿಗೆ ಅವತ್ತು ಬೇಕಾಗಿದ್ದು ಯಾರಾದ್ರೂ ಸುಮ್ಮನೆ ಕೇಳಿಸ್ಕೊಳ್ಳೋದು. ಕಿವಿ ಕೇಳದ ಹುಡುಗನಿಗಾಗಿ ಹೊಸ ಭಾಷೆ ಕಲಿಯೋ ಕಥೆ ನೋಡಿ ಕಣ್ಣೀರು ಹಾಕಿದ ನಾನು, ನನ್ನ ಗೆಳೆಯ ನಮ್ಮದೇ ಭಾಷೆಯಲ್ಲಿ ಹೇಳಿದ್ದನ್ನ ಕೇಳಿಸ್ಕೊಳ್ಳಲಿಲ್ಲ.

ನಮ್ಮೂರಲ್ಲಿ ಈ ಕಥೆ ಇಲ್ವಾ?

ಇದೆ. ನಾವು ಬ್ಯಾಂಕಾಕ್‌ವರೆಗೂ ಹುಡುಕ್ಕೊಂಡು ಹೋಗಿದ್ವಿ, ಕಥೆ ಪಕ್ಕದ ಸಂಡೂರಲ್ಲೇ ಇತ್ತು. ಲೇಖಕ ವಸುಧೇಂದ್ರ ಸಂಡೂರಿನವರು. 2013ರಲ್ಲಿ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ಹುಡುಗರನ್ನ ಪ್ರೀತಿಸೋ ಮೋಹನಸ್ವಾಮಿ ಅದರ ಕೇಂದ್ರ. ತಾವೂ ಸಲಿಂಗಿ ಅಂತ ವಸುಧೇಂದ್ರ ಮುಚ್ಚುಮರೆ ಇಲ್ಲದೆ ಹೇಳಿದ್ರು. 2016ರಲ್ಲಿ ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವೂ ಬಂತು. ಇಸವಿ ಗಮನಿಸಿ: 2013ರಲ್ಲೇ, ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನ ಮತ್ತೆ ಅಪರಾಧದ ಪಟ್ಟಿಗೆ ಸೇರಿಸ್ತು.

‘ಮೋಹನಸ್ವಾಮಿ’ ಬಿಎಲ್ ಥರ ಇಲ್ಲ. ಇಲ್ಲಿ ಪ್ರೀತಿಸಿದವನು ಹುಡುಗಿಯನ್ನ ಮದುವೆ ಆಗಿ ಹೊರಟು ಹೋಗ್ತಾನೆ. ನಾಚಿಕೆ ಇದೆ, ಭಯ ಇದೆ. ಕಿಲಿಮಂಜಾರೊ ಬೆಟ್ಟ ಹತ್ತೋ ಕಥೆಯೂ ಇದೆ. ಗೆಳೆಯ ನನಗೆ ಈ ಪುಸ್ತಕ ಕೊಟ್ಟು ಅಂದಿದ್ದು ಇಷ್ಟೇ: “ಅದನ್ನ ನೋಡಿದ್ರೆ ಹಿಂಗ್ ಇರಬೇಕು ಅನ್ಸುತ್ತ. ಇದನ್ನ ಓದಿದ್ರೆ, ನಾನ್ ಒಬ್ಬನೇ ಅಲ್ಲ ಅನ್ಸುತ್ತ.” ಎರಡೂ ಬೇಕು ಅಂತ ನನಗನ್ಸುತ್ತೆ.

ಇನ್ನೊಂದು ಹೆಸರು ಮಂಜಮ್ಮ ಜೋಗತಿ. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಜೋಗತಿ ನೃತ್ಯ ಕಲಾವಿದೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದ ವಿಡಿಯೋ ನೀವೆಲ್ಲಾ ನೋಡಿರ್ತೀರಿ. ಇಲ್ಲೊಂದು ವ್ಯತ್ಯಾಸ ಸ್ಪಷ್ಟ ಇರಲಿ. ಮಂಜಮ್ಮ ಲಿಂಗತ್ವ ಅಲ್ಪಸಂಖ್ಯಾತೆ: ‘ನಾನು ಯಾರು’ ಅನ್ನೋದು ಅಲ್ಲಿನ ಪ್ರಶ್ನೆ. ಸಲಿಂಗಿ ಅನ್ನುವಾಗ ಪ್ರಶ್ನೆ ‘ನನಗೆ ಯಾರ ಮೇಲೆ ಪ್ರೀತಿ’ ಅನ್ನೋದು. ಎರಡೂ ಒಂದೇ ಅಲ್ಲ. ನಮ್ಮ ಭಾಗದ ಜನ ಹುಲಿಗೆಮ್ಮನ ಜಾತ್ರೆಯಲ್ಲಿ ಜೋಗಪ್ಪನ ಮುಂದೆ ತಲೆ ಬಾಗಿಸ್ತಾರೆ. ಆದ್ರೆ ಪ್ಯಾಂಟು-ಶರ್ಟು ಹಾಕ್ಕೊಂಡು ಓಡಾಡೋ, ಇನ್ನೊಬ್ಬ ಹುಡುಗನನ್ನ ಇಷ್ಟಪಡೋ ಮಗನಿಗೆ ಮನೆಯಲ್ಲಿ ಒಂದು ಹೆಸರೂ ಇಲ್ಲ, ಜಾಗವೂ ಇಲ್ಲ.

ಒಂದೇ ತಿಂಗಳು, ಎರಡು ಸುದ್ದಿ

ಈಗ ಕಾನೂನು, ಚಿಕ್ಕದಾಗಿ. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಹೇಳ್ತು. 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡೋಕೆ ನಿರಾಕರಿಸ್ತು. ಮರುಪರಿಶೀಲನಾ ಅರ್ಜಿಗಳನ್ನ 2025ರ ಜನವರಿ 9ರಂದು ತಳ್ಳಿಹಾಕ್ತು.

ಎರಡೇ ವಾರ. ಜನವರಿ 23ರಂದು ಥಾಯ್ಲೆಂಡ್‌ನಲ್ಲಿ ಸಮಾನ ವಿವಾಹ ಕಾನೂನು ಜಾರಿಗೆ ಬಂತು. ಆಗ್ನೇಯ ಏಷ್ಯಾದಲ್ಲಿ ಮೊದಲನೆಯದು. ಇಡೀ ಏಷ್ಯಾದಲ್ಲಿ ತೈವಾನ್, ನೇಪಾಳದ ನಂತರ ಮೂರನೆಯದು. ಮೊದಲ ದಿನವೇ 1,800ಕ್ಕೂ ಹೆಚ್ಚು ಜೋಡಿಗಳು ನೋಂದಣಿ ಮಾಡಿಸಿದ್ರು. ಆಸ್ತಿ, ದತ್ತು, ಆಸ್ಪತ್ರೆಯಲ್ಲಿ ಸಹಿ ಹಾಕೋ ಹಕ್ಕು, ಎಲ್ಲಾ ಸಿಕ್ತು. ಸೀರೀಸ್‌ನಿಂದಲೇ ಕಾನೂನು ಬಂತು ಅಂದ್ರೆ ಅದು ಸುಳ್ಳು. ಅಲ್ಲಿನ ಹೋರಾಟಗಾರರು ವರ್ಷಗಟ್ಟಲೆ ಬೀದಿಯಲ್ಲಿ ನಿಂತಿದ್ರು. ಮತ್ತೆ ಅಲ್ಲೂ ಎಲ್ಲಾ ಮುಗಿದಿಲ್ಲ. ಲಿಂಗ ಬದಲಾಯಿಸಿಕೊಂಡವರಿಗೆ ದಾಖಲೆಯಲ್ಲಿ ಅದನ್ನ ತಿದ್ದಿಸೋ ಹಕ್ಕು ಆ ಕಾನೂನಿನಿಂದ ಬರಲಿಲ್ಲ.

ಅವತ್ತು ಗೆಳೆಯ ಒಂದು ವಿಡಿಯೋ ಕಳಿಸಿದ. ಬ್ಯಾಂಕಾಕ್‌ನ ಸಯಾಮ್ ಪ್ಯಾರಗಾನ್ ಮಾಲ್‌ನಲ್ಲಿ ಸಾಲಾಗಿ ಕೂತು ಸಹಿ ಹಾಕ್ತಿರೋ ಜೋಡಿಗಳು. ಅವನು ಏನೂ ಬರೆದಿರಲಿಲ್ಲ. ನಾನೂ ಈ ಸಲ ಕೆಂಪು ಹೃದಯ ಕಳಿಸಲಿಲ್ಲ. ಫೋನ್ ಮಾಡಿದೆ. ಅವನು ಒಂದು ಗಂಟೆ ಮಾತಾಡಿದ. ನಾನು ಬರೀ ‘ಹ್ಞೂಂ’ ಅಂದೆ.

ನಿಮಗೂ ಯಾರಾದ್ರೂ ಹೀಗೆ ಹೇಳಿದ್ರೆ ಮೂರು ಮಾತು ನೆನಪಿಡಿ. ‘ಯಾರು’ ಅಂತ ಕೆದಕಬೇಡಿ. ಸ್ಕ್ರೀನ್‌ಶಾಟ್ ತೆಗೀಬೇಡಿ, ಇನ್ನೊಬ್ಬರಿಗೆ ಹೇಳಬೇಡಿ. ಅದು ನಿಮ್ಮ ಸುದ್ದಿ ಅಲ್ಲ. ‘ನನ್ನಿಂದ ಏನಾಗ್ಬೇಕು’ ಅಂತ ಕೇಳಿ, ಆಮೇಲೆ ಸುಮ್ನಿರಿ. ಹೇಳ್ಕೊಳ್ಳೋಕೆ ಯಾರೂ ಇಲ್ಲ ಅನ್ಸಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮ ಮೊನ್ನೆ ಮತ್ತೆ ಪಕ್ಕ ಬಂದು ಕೂತ್ರು. ಕೋಳಿ-ಅನ್ನದ ಅಂಗಡಿ ನೋಡಿ, “ಇವ್ರಿಬ್ರೂ ಅಣ್ತಮ್ಮಂದಿರಾ?” ಅಂದ್ರು.

“ಅಲ್ಲಮ್ಮ. ಇಬ್ರೂ ಪ್ರೀತಿಸ್ತಾರೆ.”

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಆ ಅನ್ನ ಹೆಂಗ್ ಮಾಡ್ತಾರಂತ ಕೇಳಬೇಕಿತ್ತು ನೋಡು,” ಅಂದ್ರು. ಎದ್ದು ಹೋಗಲಿಲ್ಲ. ಎಪಿಸೋಡ್ ಪೂರ್ತಿ ನೋಡಿದ್ರು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.