ದೋಸೆ ಹುಯ್ಯುವ ಕೈಗೂ ಪಿಎಫ್ ಬೇಕು

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ನಮ್ಮ ಹೋಟೆಲ್ ಬಂಧುಗಳು ಎಲ್ಲಿ ಸಿಕ್ಕಿದರೂ ಒಂದೇ ಮಾತು: ದೋಸೆ ಹುಯ್ಯುವವರು ಸಿಗುವುದಿಲ್ಲ. ನಮ್ಮ ಮಕ್ಕಳು ಐರೋಲಿ, ಮಹಾಪೆಯ ಕಂಪ್ಯೂಟರ್ ಕಂಪೆನಿಗಳಲ್ಲಿದ್ದಾರೆ. ಊರಿನ ಹುಡುಗರಿಗೂ ಕುರ್ಚಿಯೇ ಬೇಕು. ಅದು ತಪ್ಪಲ್ಲ. "ಈ ಹೊಗೆ ನಮಗೇ ಸಾಕು" ಎಂದು ಮಕ್ಕಳನ್ನು ಓದಿಸಿದವರು ನಾವೇ ಅಲ್ಲವೇ?

ಆದರೆ ಕೈಕೆಲಸಕ್ಕೆ ಬುದ್ಧಿ ಬೇಡವೆಂದರೆ ನಾವು ಒಪ್ಪುವುದಿಲ್ಲ. ಚಳಿಗೆ ಹಿಟ್ಟು ನಿಧಾನವಾಗಿ ಹುಳಿಯುತ್ತದೆ, ಮೇ ತಿಂಗಳಲ್ಲಿ ಬೇಗ ಉಕ್ಕುತ್ತದೆ. ನೀರು ಚಿಮುಕಿಸಿದ ಸದ್ದಿನಲ್ಲೇ ಭಟ್ಟರು ತವಾದ ಕಾವು ಹೇಳುತ್ತಾರೆ. ನಾವು ಓದಿದ ಹತ್ತನೇ ತರಗತಿಯ ಪುಸ್ತಕದಲ್ಲಿ ಇದಿರಲಿಲ್ಲ. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಅಡುಗೆಮನೆಯಿಂದಲೇ ಮೇಲೆ ಬಂದವರು.

ವ್ಯತ್ಯಾಸವಿರುವುದು ಬೇರೆ ಕಡೆ. 2020ರ ಲಾಕ್‌ಡೌನಿನಲ್ಲಿ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿದರು. ಇಡ್ಲಿ ಬೇಯಿಸುವ ಕೆಲಸ ಮನೆಗೆ ಹೋಗಲಿಲ್ಲ. ಹುಡುಗರೇ ಊರಿಗೆ ಹೋದರು, ಹಲವರು ಮರಳಲಿಲ್ಲ. ಆಫೀಸಿನವನಿಗೆ ವಾರದ ರಜೆ ಇದೆ, ಪಿಎಫ್ ಇದೆ, ಕಾಯಿಲೆಗೆ ಆಧಾರವಿದೆ. 20 ಜನರಿದ್ದರೆ ಪಿಎಫ್, 10 ಜನರಿದ್ದರೆ ಇಎಸ್‌ಐ ನಮ್ಮ ಹೋಟೆಲಿಗೂ ಅನ್ವಯ. 2019ರ ಜುಲೈಯಿಂದ ಇಎಸ್‌ಐಗೆ ಮಾಲಕರ ಪಾಲು ಸಂಬಳದ ಶೇ. 3.25, ನೌಕರನದ್ದು ಶೇ. 0.75.

ಖರ್ಚು ಹೆಚ್ಚೆನ್ನುವ ಬಂಧುಗಳಲ್ಲಿ ಒಂದು ವಿನಂತಿ. ಭಟ್ಟರಿಲ್ಲದೆ ಬೆಳಗ್ಗಿನ ತಿಂಡಿ ನಿಂತರೆ ಗಲ್ಲಾಕ್ಕೆ ಎಷ್ಟು ನಷ್ಟವೆಂದು ಒಮ್ಮೆ ಲೆಕ್ಕ ಹಾಕಿ. ವಾರದ ರಜೆ, ಮಲಗಲು ಚೊಕ್ಕ ಕೋಣೆ, ಬ್ಯಾಂಕಿನಲ್ಲಿ ಸಂಬಳ ಕೊಟ್ಟು ನೋಡೋಣ. ಕುರ್ಚಿಗಿರುವ ಮರ್ಯಾದೆ ತವಾಕ್ಕೂ ಸಿಕ್ಕರೆ ಹುಡುಗರು ಬಂದಾರು.