ಆರೋಗ್ಯ ರಾಜತಾಂತ್ರಿಕತೆಯ ತರಬೇತಿ: ನಮ್ಮ ವಿದ್ಯಾರ್ಥಿಗಳಿಗೆ ಬಾಗಿಲು ಎಷ್ಟು ತೆರೆದಿದೆ?

ರಫ್ತಿಗೆ ಹೋಗುವ ಕಾಳುಮೆಣಸಿನಲ್ಲಿ ತೇವಾಂಶ ಎಷ್ಟಿರಬಹುದು, ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರ ಎಷ್ಟು ಜಾಗ ಆಕ್ರಮಿಸಬೇಕು, ಜೀವರಕ್ಷಕ ಔಷಧವೊಂದರ ಪೇಟೆಂಟನ್ನು ಯಾವ ಸಂದರ್ಭದಲ್ಲಿ ಬದಿಗಿಡಬಹುದು ಎಂಬ ಪ್ರಶ್ನೆಗಳು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಹೊಸವಲ್ಲ. ಇವುಗಳಿಗೆ ಉತ್ತರ ನಮ್ಮ ಸರ್ಕಾರದ ರಾಜಪತ್ರದಲ್ಲಿ ಪ್ರಕಟವಾಗುವುದಾದರೂ, ಆ ಉತ್ತರದ ಮೊದಲ ಕರಡು ಅನೇಕ ಬಾರಿ ಅಂತರರಾಷ್ಟ್ರೀಯ ಸಂಧಾನ ಸಭೆಗಳಲ್ಲಿ ಸಿದ್ಧವಾಗಿರುತ್ತದೆ. ಜನರ ಆರೋಗ್ಯಕ್ಕೆ ಸಂಬಂಧಿಸಿದಂತೆ ರಾಷ್ಟ್ರಗಳು ತಮ್ಮೊಳಗೆ ನಡೆಸುವ ಇಂತಹ ಸಂಧಾನವನ್ನೇ ಆರೋಗ್ಯ ರಾಜತಾಂತ್ರಿಕತೆ ಎಂದು ಕರೆಯಲಾಗುತ್ತದೆ. ಈ ಸಭೆಗಳ ರೀತಿನೀತಿಗಳನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಯಲು ಇರುವ ಒಂದು ಮುಖ್ಯ ದಾರಿ ವಿದ್ಯಾರ್ಥಿ ಇಂಟರ್ನ್‌ಶಿಪ್, ಅಂದರೆ ಕೆಲವು ವಾರಗಳ ಪ್ರಾಯೋಗಿಕ ತರಬೇತಿ. ಈ ದಾರಿ ಯಾರಿಗೆ ತೆರೆದಿದೆ ಎಂಬುದು ವಾಣಿಜ್ಯ ಸಮುದಾಯವೂ ಗಮನಿಸಬೇಕಾದ ವಿಷಯವಾಗಿದೆ.

ಸಭೆಯಿಂದ ಅಂಗಡಿಯವರೆಗೆ

ಅಂತರರಾಷ್ಟ್ರೀಯ ಒಪ್ಪಂದವೊಂದು ಅಂಗಡಿಯ ಕಪಾಟನ್ನು ತಲುಪುವ ಬಗೆಯನ್ನು ತಿಳಿಯಲು ತಂಬಾಕು ಉತ್ತಮ ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2000ದಿಂದ 2003ರವರೆಗೆ ಜಿನೀವಾದಲ್ಲಿ ನಡೆದ ಸಂಧಾನದ ಫಲವಾಗಿ 2003ರ ಮೇ ತಿಂಗಳಿನಲ್ಲಿ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದ ಅಂಗೀಕಾರವಾಯಿತು. ಭಾರತ ಅದನ್ನು 2004ರಲ್ಲಿ ಸ್ಥಿರೀಕರಿಸಿತು; 2005ರ ಫೆಬ್ರುವರಿಯಲ್ಲಿ ಅದು ಜಾರಿಗೆ ಬಂದಿತು. ಪೊಟ್ಟಣದ ಮುಖ್ಯ ಭಾಗದಲ್ಲಿ ಎಚ್ಚರಿಕೆ ಕನಿಷ್ಠ ಶೇ. 30ರಷ್ಟು ಇರಲೇಬೇಕು, ಶೇ. 50 ಅಥವಾ ಅದಕ್ಕಿಂತ ಹೆಚ್ಚು ಇರುವುದು ಅಪೇಕ್ಷಣೀಯ ಎಂಬುದು ಒಪ್ಪಂದದ 11ನೆಯ ವಿಧಿಯ ಸಾರ. ನಮ್ಮ ದೇಶದಲ್ಲಿ ಚಿತ್ರಸಹಿತ ಎಚ್ಚರಿಕೆ 2009ರ ಮೇ 31ರಿಂದ ಕಡ್ಡಾಯವಾಯಿತು. 2016ರ ಏಪ್ರಿಲ್‌ನಲ್ಲಿ ಅದರ ಪ್ರಮಾಣ ಶೇ. 85ಕ್ಕೆ ಏರಿತು. ಶೇ. 85ರ ನಿಯಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದಾಗ, 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರೂ ಕರಾವಳಿಯ ಬೀಡಿ ಕಾರ್ಮಿಕರೂ ಈ ಬೆಳವಣಿಗೆಗಳಿಂದ ದೂರ ಉಳಿಯುವಂತಿರಲಿಲ್ಲ.

ಆಹಾರ ಪದಾರ್ಥಗಳ ವಿಷಯದಲ್ಲಿಯೂ ಇದೇ ಕ್ರಮವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಜಂಟಿಯಾಗಿ ಸ್ಥಾಪಿಸಿದ ಕೋಡೆಕ್ಸ್ ಆಯೋಗದ ಮಾನದಂಡಗಳಿಗೆ 1995ರಿಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ಮಾನ್ಯತೆ ದೊರೆತಿದೆ. ಸಂಬಾರ ಪದಾರ್ಥಗಳಿಗಾಗಿ ರಚಿತವಾದ ಕೋಡೆಕ್ಸ್ ಸಮಿತಿಗೆ ಭಾರತವೇ ಆತಿಥೇಯ ರಾಷ್ಟ್ರ. ಅದರ ಮೊದಲ ಅಧಿವೇಶನ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಕಾಳುಮೆಣಸು ಮತ್ತು ಜೀರಿಗೆಯ ಮಾನದಂಡಗಳು 2017ರಲ್ಲಿ ಅಂಗೀಕೃತವಾದವು. ಕೊಡಗು, ಚಿಕ್ಕಮಗಳೂರು, ಹಾಸನಗಳ ಮೆಣಸು ವ್ಯಾಪಾರಿಗೆ ಈ ದಾಖಲೆಯ ಒಂದೊಂದು ಅಂಕಿಗೂ ಬೆಲೆಯಿದೆ.

ಸಂಧಾನವು ಕೇವಲ ಬಲಿಷ್ಠ ರಾಷ್ಟ್ರಗಳ ಸೊತ್ತಲ್ಲ ಎಂಬುದಕ್ಕೂ ನಿದರ್ಶನವಿದೆ. ತನ್ನಲ್ಲಿ ಕಾಣಿಸಿಕೊಂಡ ಹಕ್ಕಿಜ್ವರದ ವೈರಾಣು ಮಾದರಿಗಳನ್ನು ಕೊಡುವುದು ತಾನು, ಅದರಿಂದ ತಯಾರಾದ ಲಸಿಕೆ ಮಾತ್ರ ತನ್ನ ಜನರ ಕೈಗೆಟುಕದು ಎಂಬ ಕಾರಣಕ್ಕೆ ಇಂಡೊನೇಷ್ಯಾ 2007ರಲ್ಲಿ ಮಾದರಿಗಳನ್ನು ಹಂಚಿಕೊಳ್ಳುವುದನ್ನು ನಿಲ್ಲಿಸಿತು. ಆ ಬಿಕ್ಕಟ್ಟು ವರ್ಷಗಟ್ಟಲೆ ಚರ್ಚೆಗೊಳಗಾಗಿ, ಮಾದರಿಯನ್ನು ಪಡೆಯುವವರು ಪ್ರತಿಫಲವನ್ನೂ ಹಂಚಿಕೊಳ್ಳಬೇಕೆಂಬ ಚೌಕಟ್ಟು 2011ರಲ್ಲಿ ಒಪ್ಪಿತವಾಯಿತು. ಕೋವಿಡ್ ಅನುಭವದ ನಂತರ ಮೂರು ವರ್ಷಗಳಿಗೂ ಮೀರಿದ ಸಂಧಾನದಿಂದ ರೂಪುಗೊಂಡು 2025ರ ಮೇ 20ರಂದು ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲಿಯೂ ಇದೇ ಪ್ರಶ್ನೆ ಕೇಂದ್ರದಲ್ಲಿತ್ತು.

ಇಂಟರ್ನ್ ಮಾಡುವ ಕೆಲಸವೇನು?

ಇಂತಹ ಸಭೆಗಳಲ್ಲಿ ಕರಡು ನಿರ್ಣಯದ ಒಪ್ಪಿಗೆಯಾಗದ ಪದಗಳನ್ನು ಚೌಕಾವರಣದಲ್ಲಿ ಇಡುವುದು ಪದ್ಧತಿ. ಆ ಆವರಣಗಳು ಒಂದೊಂದಾಗಿ ತೆರವಾಗುವುದೇ ಸಂಧಾನದ ಪ್ರಗತಿ. ಯಾವ ರಾಷ್ಟ್ರ ಯಾವ ಪದವನ್ನು ಆಕ್ಷೇಪಿಸಿತು, ಹಿಂದಿನ ವರ್ಷದ ನಿಲುವಿಗೂ ಈಗಿನದಕ್ಕೂ ಇರುವ ವ್ಯತ್ಯಾಸವೇನು ಎಂಬುದನ್ನು ದಾಖಲಿಸುವುದು, ಹಳೆಯ ನಿರ್ಣಯಗಳನ್ನು ಹುಡುಕಿ ಸಾರಾಂಶ ಬರೆಯುವುದು, ಅಂಕಿಅಂಶ ಜೋಡಿಸುವುದು ಮುಂತಾದವು ಇಂಟರ್ನ್‌ಗಳ ಪಾಲಿಗೆ ಬರುವ ಕೆಲಸಗಳು. ‘ಮಾಡತಕ್ಕದ್ದು’ ಎಂಬುದರ ಸ್ಥಾನದಲ್ಲಿ ‘ಸೂಕ್ತವೆನಿಸಿದಂತೆ ಮಾಡಬಹುದು’ ಎಂದು ಸೇರಿಸಿದರೆ ಇಡೀ ಕಟ್ಟಳೆಯೇ ಸಡಿಲವಾಗುತ್ತದೆಂಬುದನ್ನು ವಿದ್ಯಾರ್ಥಿ ಅಲ್ಲಿ ಕಣ್ಣಾರೆ ಕಾಣುತ್ತಾನೆ ಅಥವಾ ಕಾಣುತ್ತಾಳೆ. ಕರಾರು ಪತ್ರದ ಒಂದು ಪದದಿಂದ ಲಾಭ ನಷ್ಟವಾಗುವುದನ್ನು ಬಲ್ಲ ವರ್ತಕರಿಗೆ ಈ ವಿದ್ಯೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬಾಡಿಗೆಯೇ ಅಡ್ಡಗೋಡೆ

ಆದರೆ ಈ ಕಲಿಕೆಗೆ ಬಹುಕಾಲ ಒಂದು ಅಘೋಷಿತ ಪ್ರವೇಶ ಶುಲ್ಕವಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಇಂಟರ್ನ್‌ಗಳಿಗೆ ಭತ್ಯೆ ನೀಡುತ್ತಿರಲಿಲ್ಲ. ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದಾದ ಜಿನೀವಾದಲ್ಲಿ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ಇರಬಲ್ಲವರಿಗಷ್ಟೇ ಅವಕಾಶ ದಕ್ಕುತ್ತಿತ್ತು. ಸಹಜವಾಗಿಯೇ ಅವರಲ್ಲಿ ಹೆಚ್ಚಿನವರು ಶ್ರೀಮಂತ ರಾಷ್ಟ್ರಗಳವರು. ವಿಶ್ವಸಂಸ್ಥೆಯ ಇತರ ಅಂಗಗಳಲ್ಲಿಯೂ ಪರಿಸ್ಥಿತಿ ಹೀಗೆಯೇ ಇತ್ತು. 2015ರ ಆಗಸ್ಟ್‌ನಲ್ಲಿ ಅಲ್ಲಿ ವೇತನವಿಲ್ಲದೆ ಕೆಲಸ ಮಾಡುತ್ತಿದ್ದ ನ್ಯೂಜಿಲೆಂಡಿನ ಇಂಟರ್ನ್ ಒಬ್ಬ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡು ವಾಸಿಸುತ್ತಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಲೋಕದ ಗಮನ ಈ ಕಡೆ ಹರಿಯಿತು. ರೋಗಭಾರ ಹೆಚ್ಚಿರುವ ರಾಷ್ಟ್ರಗಳ ತರುಣರೇ ಆರೋಗ್ಯ ನೀತಿಯ ಪಾಠಶಾಲೆಯಿಂದ ಹೊರಗುಳಿಯುವುದು ಅನ್ಯಾಯ ಮಾತ್ರವಲ್ಲ, ಆ ಪಾಠಶಾಲೆಗೇ ನಷ್ಟ.

ಈ ಟೀಕೆಗೆ ಉತ್ತರವಾಗಿ 2018ರ ಮೇ ತಿಂಗಳಿನ ವಿಶ್ವ ಆರೋಗ್ಯ ಮಹಾಸಭೆ ಇಂಟರ್ನ್‌ಶಿಪ್ ಸುಧಾರಣೆಯ ನಿರ್ಣಯವನ್ನು ಅಂಗೀಕರಿಸಿತು. 2022ರ ವೇಳೆಗೆ ಆಯ್ಕೆಯಾಗುವವರಲ್ಲಿ ಕನಿಷ್ಠ ಶೇ. 50ರಷ್ಟು ಮಂದಿ ಅತ್ಯಂತ ಹಿಂದುಳಿದ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳವರಾಗಿರಬೇಕೆಂಬ ಗುರಿಯನ್ನು ಅದು ನಿಗದಿಪಡಿಸಿತು. ಭತ್ಯೆ ನೀಡುವ ಪದ್ಧತಿ 2020ರಲ್ಲಿ ಆರಂಭವಾಯಿತು. ಮಧ್ಯಮ ಆದಾಯದ ರಾಷ್ಟ್ರಗಳ ಪಟ್ಟಿಯಲ್ಲಿರುವ ಭಾರತದ ವಿದ್ಯಾರ್ಥಿಗಳಿಗೆ ಇದು ಮಹತ್ವದ ಬದಲಾವಣೆ. ಆದರೂ ಗೋಡೆ ಪೂರ್ತಿಯಾಗಿ ಬಿದ್ದಿಲ್ಲ. ವಿಮಾನ ಪ್ರಯಾಣ, ವೀಸಾ, ವಸತಿಯ ಏರ್ಪಾಡು ಸಾಮಾನ್ಯವಾಗಿ ಅಭ್ಯರ್ಥಿಯ ಅಥವಾ ಅವರ ವಿದ್ಯಾಸಂಸ್ಥೆಯ ಹೊಣೆಯಾಗಿಯೇ ಉಳಿದಿದೆ. ಇದಲ್ಲದೆ, ಅಮೆರಿಕವು 2025ರ ಜನವರಿಯಲ್ಲಿ ಸಂಸ್ಥೆಯಿಂದ ಹೊರಬರುವ ನಿರ್ಧಾರವನ್ನು ಪ್ರಕಟಿಸಿದ ಬಳಿಕ, 2026-27ರ ಆಯವ್ಯಯವನ್ನು ಮೊದಲು ಉದ್ದೇಶಿಸಿದ್ದ 530 ಕೋಟಿ ಡಾಲರ್‌ಗಳಿಂದ 420 ಕೋಟಿ ಡಾಲರ್‌ಗಳಿಗೆ ಇಳಿಸಲಾಯಿತು. ಸಂಸ್ಥೆಯ ಕೈ ಬಿಗಿಯಾದಾಗ ತರಬೇತಿಯ ಸ್ಥಾನಗಳಿಗೆ ಪೈಪೋಟಿ ಹೆಚ್ಚುವುದು ಸ್ವಾಭಾವಿಕ.

ಅರ್ಹತೆ ಮತ್ತು ಇತರ ದಾರಿಗಳು

ಸಂಸ್ಥೆಯ ಕಾರ್ಯಕ್ರಮದ ನಿಯಮಗಳ ಪ್ರಕಾರ ಅಭ್ಯರ್ಥಿಗೆ ಕನಿಷ್ಠ 20 ವರ್ಷ ತುಂಬಿರಬೇಕು. ಪದವಿ ಮಟ್ಟದ ಮೂರು ವರ್ಷಗಳ ವ್ಯಾಸಂಗ ಮುಗಿದಿರಬೇಕು. ಸಂಸ್ಥೆಯ ನೌಕರರ ಸಂಬಂಧಿಯಾಗಿರಬಾರದು. ಅವಧಿ 6ರಿಂದ 24 ವಾರಗಳು. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಲ್ಲದೆ ಸಮಾಜ ವಿಜ್ಞಾನ, ಆಡಳಿತ ನಿರ್ವಹಣೆ ಓದಿದವರಿಗೂ ಅವಕಾಶವಿದೆ ಎಂಬುದನ್ನು ವಾಣಿಜ್ಯ ಪದವೀಧರರು ಗಮನಿಸಬೇಕು. ತರಬೇತಿಯು ಉದ್ಯೋಗದ ಭರವಸೆಯಲ್ಲ ಎಂಬುದನ್ನೂ ಪಾಲಕರು ಅರಿತಿರುವುದು ಲೇಸು.

ಜಿನೀವಾ ಒಂದೇ ದಾರಿಯಲ್ಲ. ಸಂಸ್ಥೆಯ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿ ನವದೆಹಲಿಯಲ್ಲಿಯೇ ಇದೆ. ಅಲ್ಲಿಯ ವಾಸದ ವೆಚ್ಚಕ್ಕೂ ಸ್ವಿಟ್ಜರ್ಲೆಂಡಿನದಕ್ಕೂ ಹೋಲಿಕೆಯಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ ಮಹಾಸಭೆಗೆ ತನ್ನ ಪ್ರತಿನಿಧಿಗಳನ್ನು ಕಳುಹಿಸುತ್ತದೆ. ಪೀಪಲ್ಸ್ ಹೆಲ್ತ್ ಮೂವ್‌ಮೆಂಟ್ ಎಂಬ ಜನಾಂದೋಲನವು ಜಿನೀವಾದ ಸಭೆಗಳನ್ನು ಹತ್ತಿರದಿಂದ ಗಮನಿಸಲು ತರುಣರನ್ನು ಸಜ್ಜುಗೊಳಿಸುತ್ತ ಬಂದಿದೆ. ಆ ಆಂದೋಲನದ ಜಾಗತಿಕ ಕಾರ್ಯದರ್ಶಿ ಕಚೇರಿ 2003ರಿಂದ ಕೆಲವು ವರ್ಷ ಬೆಂಗಳೂರಿನಲ್ಲಿಯೇ ಇತ್ತೆಂಬುದು, ಈ ಕ್ಷೇತ್ರ ಕನ್ನಡನಾಡಿಗೆ ತೀರ ಅಪರಿಚಿತವಲ್ಲವೆಂಬುದಕ್ಕೆ ಸಾಕ್ಷಿ.

ವಾಣಿಜ್ಯ ಸಂಸ್ಥೆಗಳ ಪಾತ್ರ ಮತ್ತು ಮಿತಿ

ವರ್ತಕ ಸಂಘಗಳು ಪ್ರತಿಭಾವಂತ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುವ ಸಂಪ್ರದಾಯ ಹಳೆಯದು. ವರ್ಷಕ್ಕೆ ಒಬ್ಬರೋ ಇಬ್ಬರೋ ಅಭ್ಯರ್ಥಿಗಳ ಪ್ರಯಾಣ ವೆಚ್ಚವನ್ನು ಅದೇ ನಿಧಿಯಿಂದ ಭರಿಸಿದರೆ, ಆಯ್ಕೆಯಾದರೂ ಹೋಗಲಾಗದ ಸಾಧಾರಣ ಕುಟುಂಬದ ಮಕ್ಕಳಿಗೆ ಅದು ನಿಜವಾದ ನೆರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ನೆರವು ಪಡೆದ ವಿದ್ಯಾರ್ಥಿಯನ್ನು ತಮ್ಮ ವ್ಯವಹಾರದ ಏಜೆಂಟನೆಂದು ಯಾರೂ ಭಾವಿಸತಕ್ಕದ್ದಲ್ಲ. ತಂಬಾಕು ಒಪ್ಪಂದದ 5ನೆಯ ವಿಧಿಯ 3ನೆಯ ಉಪವಿಧಿ, ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ರಕ್ಷಿಸಬೇಕೆಂದು ವಿಧಿಸುತ್ತದೆ. 2016ರಲ್ಲಿ ಅಂಗೀಕರಿಸಿದ ನಿಯಮಾವಳಿಯ ಪ್ರಕಾರ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಮತ್ತು ಶಸ್ತ್ರಾಸ್ತ್ರ ಉದ್ಯಮಗಳೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳುವುದಿಲ್ಲ; ಇತರ ಉದ್ಯಮಗಳೊಡನೆ ಹಿತಾಸಕ್ತಿ ಸಂಘರ್ಷವನ್ನು ಪರಿಶೀಲಿಸಿಯೇ ಮುಂದುವರಿಯುತ್ತದೆ. ಆದುದರಿಂದ ನೆರವು ಯಾವುದೇ ಒಂದು ಉದ್ಯಮದ ಹೆಸರಿನಲ್ಲಿರದೆ ಸಾಮಾನ್ಯ ನಿಧಿಯಿಂದ, ಯಾವ ಷರತ್ತೂ ಇಲ್ಲದೆ, ವಿದ್ಯಾಸಂಸ್ಥೆಯ ಮೂಲಕ ಸಲ್ಲುವುದು ಯೋಗ್ಯ. ಅಭ್ಯರ್ಥಿಯೂ ಅದನ್ನು ಮುಚ್ಚಿಡದೆ ಅರ್ಜಿಯಲ್ಲಿಯೇ ತಿಳಿಸಬೇಕು.

ಹಾಗಾದರೆ ವಾಣಿಜ್ಯ ಸಮುದಾಯಕ್ಕೆ ದೊರೆಯುವುದೇನು? ಪ್ರಭಾವವಲ್ಲ, ತಿಳಿವಳಿಕೆ. ಅಲ್ಲಿ ತರಬೇತಿ ಪಡೆದವರು ಮುಂದೆ ಸರ್ಕಾರದಲ್ಲಿಯೋ ವಿಶ್ವವಿದ್ಯಾನಿಲಯದಲ್ಲಿಯೋ ಉದ್ಯಮದಲ್ಲಿಯೋ ನೆಲೆಸುತ್ತಾರೆ. ಕರಡು ನಿಯಮವೊಂದರ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಇರುವಾಗಲೇ ಅದನ್ನು ಓದಿ, ಸಣ್ಣ ತಯಾರಕನಿಗೆ ಅದರಿಂದಾಗುವ ಪರಿಣಾಮವನ್ನು ಲೆಕ್ಕ ಹಾಕಿ ಹೇಳಬಲ್ಲವರು ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ವಿರಳ. ನಿಯಮ ರಾಜಪತ್ರದಲ್ಲಿ ಅಚ್ಚಾದ ಮೇಲೆ ಮನವಿ ಹಿಡಿದು ಅಲೆಯುವುದಕ್ಕಿಂತ, ಅದು ಕರಡಿನಲ್ಲಿರುವಾಗ ಅರ್ಥಮಾಡಿಕೊಂಡು ಸಕಾರಣವಾಗಿ ಅಭಿಪ್ರಾಯ ಸಲ್ಲಿಸುವುದು ವ್ಯಾಪಾರಕ್ಕೂ ಜನರ ಆರೋಗ್ಯಕ್ಕೂ ಹಿತ. ಅಂತಹವರನ್ನು ಬೆಳೆಸುವ ಕಾರ್ಯ ಒಂದು ವಿಮಾನ ಟಿಕೆಟಿನ ಕೊರತೆಯಿಂದ ನಿಲ್ಲಬಾರದು.